ಎರಡು ಬಡಿತಕ್ಕೆ ಹೊರಡುವ ಕುದುರೆ

ಕಂಡಕ್ಟರಮ್ಮನ ಬಲಗೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಬಸ್ಸಿನ ತಗಡಿಗೆ ಒಂದು ಬಡಿತ ಬಿದ್ದರೆ ನಿಲ್ಲು, ಎರಡು ಬಿದ್ದರೆ ಹೊರಡು. ಈ ರಾಜಾಜ್ಞೆಯನ್ನು ಅವರು ಸೇವೆಯಲ್ಲಿದ್ದಷ್ಟು ಕಾಲವೂ ಬಾಗಿಲ ಸರಳು ಹಿಡಿದು ನಿಂತು ಜಾರಿ ಮಾಡಿದ್ದರು. ನಿವೃತ್ತಿಯ ದಿನ ಬಸ್ಸನ್ನೂ ಸೀಟಿಯನ್ನೂ ಇಲಾಖೆ ವಾಪಸು ಪಡೆಯಿತು. ಬಡಿತವನ್ನು ಕೇಳುವುದನ್ನು ಮರೆಯಿತು. ಹಾಗಾಗಿ ಅದು ಅವರ ಜೊತೆಯಲ್ಲೇ ಮನೆಗೆ ಬಂತು. ಫ್ರಿಜ್ಜಿನ ಬಾಗಿಲು ಹಾಕಿದರೆ ಅದಕ್ಕೆ ಎರಡು. ಗ್ಯಾಸ್ ಸಿಲಿಂಡರ್ ಇಳಿಸಿ ಹೊರಟವನ ಗಾಡಿಗೆ ಎರಡು. ಹರಟೆ ಹೊಡೆಯುತ್ತ ಹೊಸ್ತಿಲಲ್ಲೇ ನಿಂತುಬಿಟ್ಟ ನೆಂಟರ ಬೆನ್ನಿಗೆ ಪ್ರೀತಿಯಿಂದ ಎರಡು; ನೆಂಟರು ನಿಜಕ್ಕೂ ಹೊರಟುಬಿಡುತ್ತಿದ್ದರು.

ಅವರು ಮದುವೆಯಾದದ್ದೂ ಅದೇ ಬಸ್ಸಿನ ಡ್ರೈವರನ್ನೇ. ಟೇಬಲ್ಲಿಗೆ ಎರಡು ಬಿದ್ದರೆ ಗಂಡ ಊಟಕ್ಕೆ ಏಳುತ್ತಿದ್ದರು, ಒಂದು ಬಿದ್ದರೆ ಮಾತು ನಿಲ್ಲಿಸುತ್ತಿದ್ದರು. ಆ ದಾಂಪತ್ಯದಲ್ಲಿ ಜಗಳಗಳಿರಲಿಲ್ಲ, ನಿಲ್ದಾಣಗಳಿದ್ದವು.

ಈ ಕಂಡಕ್ಟರಮ್ಮನಿಗೆ ಒಬ್ಬ ಅಕ್ಕ. ಹೆಣ್ಣುಮಕ್ಕಳ ಶಾಲೆಯೊಂದನ್ನು ಆಳಿದವರು. ಊರೆಲ್ಲ ಹೆಡ್‌ಮೇಡಂ ಎನ್ನುತ್ತಿತ್ತು. ತಂಗಿಯ ಸಾಮ್ರಾಜ್ಯ ಕೈಯದಾದರೆ ಅಕ್ಕನದು ಬಾಯಿಯದು. ಅವರು ಮೆಟ್ಟಿಲ ಕೆಳಗೆ ಗಂಟಲು ಸರಿಮಾಡಿಕೊಂಡರೆ ಮಹಡಿಯ ಮೇಲಿನ ತರಗತಿಯಲ್ಲಿ ಹುಡುಗಿಯರು ಎದ್ದು ನಿಲ್ಲುತ್ತಿದ್ದರಂತೆ. ನಕಲು ಹೊಡೆಯುವವರನ್ನು ಹಿಡಿಯುವುದರಲ್ಲಂತೂ ಅವರದು ಪವಾಡದ ಖ್ಯಾತಿ. ನಕಲು ಮಾಡುವವಳ ಕೈಯನ್ನು ಅವರು ನೋಡುತ್ತಲೇ ಇರಲಿಲ್ಲ; ಪಕ್ಕದವಳ ಮುಖ ನೋಡುತ್ತಿದ್ದರು. ಕದ್ದವಳಿಗಿಂತ ಕಂಡವಳು ಬೇಗ ಸಿಕ್ಕಿಬೀಳುತ್ತಾಳೆ ಎಂಬುದು ಅವರ ಶಾಸ್ತ್ರ.

ತಂಗಿ ಬಸ್ಸಿನ ಕೆಲಸಕ್ಕೆ ಸೇರಿದ ದಿನ ಹೆಡ್‌ಮೇಡಂ ಹೇಳಿದ ಮಾತು ಮನೆತನದ ಇತಿಹಾಸದಲ್ಲಿ ಉಳಿದುಬಿಟ್ಟಿದೆ. "ಬಾಗಿಲಿಗೆ ನೇತಾಡೋಕೇನೇ ನಿನ್ನನ್ನ ಓದಿಸಿದ್ದು?" ಆಮೇಲೆ ಅವರು ಆ ಬಸ್ಸನ್ನು ಒಮ್ಮೆಯೂ ಹತ್ತಲಿಲ್ಲ. ಅದು ಶಾಲೆಯ ಮುಂದೆಯೇ ಹೋಗುತ್ತಿದ್ದರೂ ಕೈಚೀಲ ಹಿಡಿದು ಹಿಂದೆ ಬರುವ ಬಸ್ಸಿಗೆ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತ ತಂಗಿ ಅವರ ಮುಂದೆ ಹಾದುಹೋಗುವಾಗ ಬೇಕೆಂತಲೇ ಎರಡು ಬಡಿತ ಜೋರಾಗಿ ಬಾರಿಸುತ್ತಿದ್ದರಂತೆ.

ಇಂಥ ಹೆಡ್‌ಮೇಡಂ ಒಂದು ಬೆಳಗ್ಗೆ ಹಾಲಿನವನಿಗೆ ಬುದ್ಧಿ ಹೇಳುತ್ತಿದ್ದಾಗ ವಾಕ್ಯದ ಮಧ್ಯೆ ನಿಂತರು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಬರುವಾಗ ಇಡೀ ಪದಕೋಶದಲ್ಲಿ ಒಂದೇ ಒಂದು ಶಬ್ದ ಉಳಿದಿತ್ತು: 'ಅದು.' ನೀರು ಬೇಕಾದರೂ ಅದು, ಕಿಟಕಿ ಮುಚ್ಚಬೇಕಾದರೂ ಅದು, ನಿನ್ನ ತಲೆಯಲ್ಲಿ ಮಣ್ಣಿದೆಯೇ ಎಂದು ಕೇಳಬೇಕಾದರೂ ಅದು. ಮೂರನೆಯದು ಮಾತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು. ತಂಗಿ ಅವರನ್ನು ತನ್ನ ಮನೆಗೆ ಕರೆತಂದು ಮುಂದಿನ ಕೋಣೆ ಬಿಟ್ಟುಕೊಟ್ಟರು. ಬಾಯಿ ಸೋತ ಅರಸಿ ಕೈಯ ರಾಜ್ಯದಲ್ಲಿ ಆಶ್ರಿತಳಾದಳು. ಈ ಅವಮಾನವನ್ನು ಹೇಳಿಕೊಳ್ಳಲೂ ಅವರಿಗೆ ಇದ್ದದ್ದು 'ಅದು' ಒಂದೇ.

ಕುದುರೆಯ ಸಲಹೆ ಕೊಟ್ಟದ್ದು ಫಿಸಿಯೋಥೆರಪಿಯವರು. ನಡೆಯುವ ಕುದುರೆಯ ಬೆನ್ನ ಮೇಲೆ ಕೂತರೆ ಸವಾರನ ಸೊಂಟ ನಡೆದವನ ಸೊಂಟದ ಹಾಗೆಯೇ ಅಲುಗುತ್ತದಂತೆ. ಕಾಲು ಮರೆತದ್ದನ್ನು ಸೊಂಟ ನೆನಪು ಮಾಡಿಕೊಡುತ್ತದಂತೆ. ಹೆಡ್‌ಮೇಡಂ ಕೇಳಿ, "ಅದು!" ಎಂದರು. ಇದು ಮೂರನೆಯ ಅರ್ಥದ್ದು.

"ನೋಡಕ್ಕ," ಎಂದರು ಕಂಡಕ್ಟರಮ್ಮ. "ನನ್ನ ಬಸ್ಸಂತೂ ನೀನು ಹತ್ತಲಿಲ್ಲ. ಕುದುರೆನಾದ್ರೂ ಹತ್ತು."

ಆ ಜಾಗ ಊರಾಚೆ, ಗೋದಾಮುಗಳ ಹಿಂದೆ ಇತ್ತು. ತಗಡಿನ ಲಾಯ, ಮರಳು ಹಾಸಿದ ಅಂಗಳ, ಕುದುರೆ ಹತ್ತಿಸಲು ಗಾಲಿಕುರ್ಚಿಯೂ ಏರುವಂಥ ಇಳಿಜಾರಿನ ಒಂದು ಹತ್ತುಗಟ್ಟೆ, ಬಂದವರು ಕೂರಲು ಬಿಸಿಲಿಗೆ ಬಣ್ಣ ಕಳೆದುಕೊಂಡ ಪ್ಲಾಸ್ಟಿಕ್ ಕುರ್ಚಿಗಳು. ನಡೆಸುತ್ತಿದ್ದವರು ಒಬ್ಬ ಹಳೆಯ ಜಾಕಿ. ಎತ್ತರದಲ್ಲಿ ನಮ್ಮೆಲ್ಲರ ಭುಜಕ್ಕೆ ಬರುತ್ತಿದ್ದರು. ಹರೆಯವೆಲ್ಲ ರೇಸಿನಲ್ಲಿ ಕುದುರೆಗಳನ್ನು ಓಡಿಸಿ, ಈಗ ಅವು ಓಡದಂತೆ ನೋಡಿಕೊಳ್ಳುವುದೇ ಅವರ ಬದುಕು. ಉಳಿದವರೆಲ್ಲ ನನ್ನಂಥ ಸ್ವಯಂಸೇವಕರು. ಮನೆಯಲ್ಲಿ ಲೋಟ ಎತ್ತದವರು ಇಲ್ಲಿ ಬಂದು ಖುಷಿಯಾಗಿ ಲದ್ದಿ ಎತ್ತುವವರು.

ಹೆಡ್‌ಮೇಡಂಗೆ ಒದಗಿದ ಕುದುರೆಯ ಹೆಸರು ಸೋಫಾ. ಬೆನ್ನು ನೋಡಿ ಇಟ್ಟ ಹೆಸರು. ಅಗಲವಾದ, ವಯಸ್ಸಾದ, ಯಾವುದಕ್ಕೂ ಬೆಚ್ಚದ ಕಂದು ಹೆಣ್ಣುಕುದುರೆ. ಪಕ್ಕದಲ್ಲಿ ಪಟಾಕಿ ಹೊಡೆದರೆ ಯಾರು ಹೊಡೆದರು ಎಂದು ತಿರುಗಿ ನೋಡುವಷ್ಟೂ ಆಸಕ್ತಿ ಅದಕ್ಕಿರಲಿಲ್ಲ.

ಒಬ್ಬ ಸವಾರರಿಗೆ ಮೂರು ಜನ ಪರಿವಾರ. ಕುದುರೆಯ ತಲೆಯ ಬಳಿ ಹಗ್ಗ ಹಿಡಿದು ನಡೆಸುವವರೊಬ್ಬರು. ಎಡಬಲದಲ್ಲಿ ಸವಾರರ ತೊಡೆಯ ಮೇಲೆ ಕೈಯಿಟ್ಟು ನಡೆಯುವವರಿಬ್ಬರು. ಹೆಡ್‌ಮೇಡಂ ಅವರ ಬಲಗಾಲಿನ ಅಂಗರಕ್ಷಣೆ ನನ್ನದು. ಎಡಗಾಲಿಗೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಕನ್ನಡಕ ಮನೆಯಲ್ಲಿ ಮರೆತು ಬರುವುದು ಅವರ ಹವ್ಯಾಸ. ಅವರ ಆ ಹವ್ಯಾಸವಿಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜಾಕಿಯದು ಎರಡು ಕಟ್ಟಳೆ. ಒಂದು, ಮನೆಯವರು ಮನೆಯವರ ಕುದುರೆಯ ಹಗ್ಗ ಹಿಡಿಯುವಂತಿಲ್ಲ. "ಮನೆಯವರಿಗೆ ಕನಿಕರ ಜಾಸ್ತಿ ಇರುತ್ತೆ. ಕುದುರೆಗೆ ಅದು ಗೊಂದಲ." ಹಗ್ಗ ಹಿಡಿಯುತ್ತಿದ್ದ ಹುಡುಗಿ ಕಾಲು ಉಳುಕಿಸಿಕೊಂಡು ಮನೆ ಸೇರಿದ್ದರಿಂದ ಹಗ್ಗ ಕಂಡಕ್ಟರಮ್ಮನ ಕೈಗೆ ಬಂದು ಈ ಕಟ್ಟಳೆ ಮೊದಲ ದಿನವೇ ಮುರಿಯಿತು. ಎರಡನೆಯದು ಮುರಿಯುವಂಥದ್ದಲ್ಲ: ಸವಾರರು ಬಾಯಿಬಿಟ್ಟು ಹೇಳುವವರೆಗೆ ಕುದುರೆ ಹೆಜ್ಜೆ ಎತ್ತಬಾರದು.

"ಅರ್ಧ ಅಕ್ಷರ ಬಂದ್ರೂ ಸರಿ ಮೇಡಂ," ಎಂದರು ಜಾಕಿ, ಹತ್ತುಗಟ್ಟೆಯ ಮೇಲೆ ನಿಂತು ಶಿರಸ್ತ್ರಾಣದ ಪಟ್ಟಿ ಬಿಗಿಯುತ್ತಾ. "ನಡಿ ಅನ್ನಿ. ಕುದುರೆ ಕಾಯುತ್ತೆ, ನಾವೂ ಕಾಯ್ತೀವಿ. ಯಾರೂ ಎಳೆಯಲ್ಲ, ಯಾರೂ ನೂಕಲ್ಲ. ನಿಮ್ಮ ಮಾತಿಗೇ ಹೊರಡಬೇಕು, ತಿಳೀತಾ?"

ಹೆಡ್‌ಮೇಡಂ ತಲೆ ಆಡಿಸಿದರು. ಆಸ್ಪತ್ರೆಯಿಂದ ಬಂದಾಗಿನಿಂದ ಅವರಿಗೆ ಯಾರೂ ಹೀಗೆ ಹೇಳಿರಲಿಲ್ಲ. ಎಲ್ಲರೂ ಅವರ ಬಾಯಿ ತೆರೆಯುವ ಮೊದಲೇ ನೀರೋ ಕಂಬಳಿಯೋ ತಂದು ಮುಚ್ಚಿಬಿಡುತ್ತಿದ್ದರು. ಇಲ್ಲಿ ಒಂದು ಪ್ರಾಣಿ, ಅವರ ಹಳೆಯ ಹುಡುಗಿಯರ ಹಾಗೆ, ಅಪ್ಪಣೆಗೆ ಕಾಯುತ್ತ ನಿಂತಿತ್ತು.

"ಅ..." ಎಂದರು. ಆಮೇಲೆ "ನ..." ಎಂದರು. ಕೊರಳ ನರ ಉಬ್ಬಿತು. ಸೋಫಾ ನಿಂತಿತ್ತು. ನಾವೂ ನಿಂತಿದ್ದೆವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸಿನವಳು, ದುಪಟ್ಟಾದ ತುದಿ ಕಚ್ಚಿಕೊಂಡು ಕೂತಿದ್ದಳು.

ಕಂಡಕ್ಟರಮ್ಮನ ಅವಸ್ಥೆ ಮಾತ್ರ ಹೇಳತೀರದು. ಬಾಗಿಲು ಮುಚ್ಚಿದೆ, ಪ್ರಯಾಣಿಕರು ಹತ್ತಿಯಾಗಿದೆ, ಬಸ್ಸು ಮಾತ್ರ ನಿಂತಿದೆ! ಎಡಗೈಯಲ್ಲಿ ಹಗ್ಗ, ಬಲಗೈ ಹಳೆಯ ಸರಳು ಹಿಡಿದ ಹಾಗೆ ಸೋಫಾದ ಎಡಭುಜದ ಮೇಲೆ, ಕನ್ನಡಕ ಮರೆತ ಬ್ಯಾಂಕಿನವರ ಕಡೆಗೆ. ಅಕ್ಕ ಮತ್ತೊಮ್ಮೆ "ನ..." ಎಂದು ಏದುಸಿರುಬಿಟ್ಟಾಗ ಆ ಬಲಗೈ ಯಜಮಾನಿಯ ಅನುಮತಿ ಕೇಳದೆ ತನ್ನ ಕುಲಕಸುಬು ಮಾಡಿತು. ಟಪ್, ಟಪ್.

ಸೋಫಾ ಹೊರಟಿತು.

ಅಂಗಳದಲ್ಲಿ ಜಯಘೋಷವೆದ್ದಿತು. ಡಾಕ್ಟರಮ್ಮ ಕುರ್ಚಿ ಬೀಳಿಸಿಕೊಂಡು ಎದ್ದಳು. ನಾನು ಬಲಗಾಲು ಹಿಡಿದುಕೊಂಡೇ ಹೋ ಎಂದು ಕೂಗಿದೆ. ಹೆಡ್‌ಮೇಡಂ ಮುಖ ನೋಡಬೇಕಿತ್ತು: ಪಟ್ಟಾಭಿಷೇಕವಾದವರು ನಗುವುದಿಲ್ಲ, ಸುಮ್ಮನೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅವರೂ ಹಾಗೆಯೇ ಮಾಡಿದರು.

ಆ ದಿನ ಕಂಡಕ್ಟರಮ್ಮನಿಗೂ ಗೊತ್ತಿರಲಿಲ್ಲ. ಅಕ್ಕ ಹೇಳಿದಳು, ಕುದುರೆ ಹೊರಟಿತು ಎಂದೇ ನಂಬಿ, ಹಗ್ಗ ಹಿಡಿದುಕೊಂಡೇ ಕಣ್ಣೊರೆಸಿಕೊಂಡರು. ಗೊತ್ತಾದದ್ದು ಕೆಲವು ವಾರಗಳ ಮೇಲೆ. ಲಾಯದಲ್ಲಿ ಒಬ್ಬರೇ ಸೋಫಾದ ಮೈ ಉಜ್ಜುತ್ತ, ಬ್ರಷ್ಷಿನ ಧೂಳು ಕೊಡವಲು ಕಟಕಟೆಗೆ ಎರಡು ಬಡಿದರು. ಸೋಫಾ ಗಂಭೀರವಾಗಿ ಹೊರಟು, ತೆರೆದ ಬಾಗಿಲಿನಿಂದ ಅಂಗಳಕ್ಕೆ ಹೋಯಿತು. ಕಂಡಕ್ಟರಮ್ಮ ಬ್ರಷ್ ಹಿಡಿದುಕೊಂಡು ನಿಂತರು. ಹಿಂದೆ ಹೋಗಿ ಅದರ ಭುಜಕ್ಕೆ ಒಂದು ಬಡಿದರು. ನಿಂತಿತು. ಎರಡು. ಹೊರಟಿತು. ಮೂವತ್ತು ವರ್ಷ ಜೊತೆಗಿದ್ದ ಡ್ರೈವರ್ ಗಂಡನೂ ಇಷ್ಟು ಬೇಗ ಕಲಿತಿರಲಿಲ್ಲ!

ಆಗಲೇ ಹೇಳಬಹುದಿತ್ತು. ಹೇಳುವುದಾದರೂ ಯಾರಿಗೆ, ಹೇಗೆ? ಮನೆಯಲ್ಲಿ ಅಷ್ಟು ಹೊತ್ತಿಗೆ ಅಕ್ಕನ ಹೊಸ ಆಳ್ವಿಕೆ ಶುರುವಾಗಿತ್ತು. ಬೆಳಗ್ಗೆ ಎದ್ದು, ಬಚ್ಚಲ ಕನ್ನಡಿಯ ಮುಂದೆ ಕೋಲೂರಿ ನಿಂತು, "ನ... ನಡ..." ಎಂದು ಪಾಠ. ನಾಲಗೆ ಹೊರಳತೊಡಗಿತ್ತು. ಒಂದು ದಿನ ಪೂರ್ತಿ "ನಡಿ" ಬಂತು. ಆಮೇಲೆ ಆ ಮನೆಯಲ್ಲಿ ನಿಂತದ್ದೆಲ್ಲ ನಡೆಯಬೇಕಾಯಿತು. ತಿರುಗದ ಫ್ಯಾನಿಗೆ ನಡಿ, ಕುದಿಯದ ಕಾಫಿಗೆ ನಡಿ, ಪೇಪರ್ ಓದುತ್ತ ಕೂತ ಡ್ರೈವರಿಗೆ ನಡಿ.

"ಒಬ್ಬಳ ಬಡಿತ ಸಾಲದು ಅಂತ ಇವರದ್ದೊಂದು," ಎಂದು ಡ್ರೈವರ್ ಗೊಣಗುತ್ತ ಏಳುತ್ತಿದ್ದರು. "ಆಯ್ತು ಅತ್ತಿಗೆ, ನಡೆದೆ."

ಅಕ್ಕ ತಾನೇ ತುತ್ತು ಎತ್ತಿ ತಿನ್ನತೊಡಗಿದ್ದರು. ಕುದುರೆಯಿಂದ ಇಳಿದ ಮೇಲೆ ಹತ್ತುಗಟ್ಟೆಯ ಇಳಿಜಾರನ್ನು ಕೋಲೊಂದರಲ್ಲೇ ಇಳಿಯುತ್ತಿದ್ದರು. ಒಂದು ಸಂಜೆ, ತಂಗಿ ಕಾಲಿಗೆ ಎಣ್ಣೆ ತಿಕ್ಕುವಾಗ, ಎಡಗೈಯಿಂದ ಅವರ ತಲೆ ಸವರಿದರು. ಹುಟ್ಟಿದಾರಭ್ಯ ಆ ಕೈ ಆ ತಲೆಯ ಮೇಲೆ ಬಂದಿದ್ದರೆ ಅದು ಕುಟ್ಟಲಿಕ್ಕೇ ಹೊರತು ಸವರಲಿಕ್ಕಲ್ಲ. ಇಂಥ ಸವರಿಕೆಯ ಎದುರು ಸತ್ಯ ಯಾವ ಮೂಲೆ! ಕಂಡಕ್ಟರಮ್ಮ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಹಾಲು ಕುಡಿದರು. ಅಕ್ಕ "ನಡಿ" ಎನ್ನುತ್ತಿದ್ದರು, ತಂಗಿ ಮೆಲ್ಲಗೆ ಎರಡು ಬಡಿಯುತ್ತಿದ್ದರು, ಸೋಫಾ ಹೊರಡುತ್ತಿತ್ತು. ಬಸ್ಸು ನಡೆಸಲು ಮೂರು ಜನ ಸಾಕಲ್ಲವೇ: ಒಬ್ಬರು ಹೇಳುವವರು, ಒಬ್ಬರು ಬಡಿಯುವವರು, ಒಬ್ಬರು ಹೊರಡುವವರು.

ಕಟ್ಟಿದ್ದೆಲ್ಲ ಕುಸಿದದ್ದು ಲಾಳ ಹೊಡೆಯುವವನ ಕೈಯಲ್ಲಿ.

ಆ ಬೆಳಗ್ಗೆ ಅವನು ಬೇಲಿಯಾಚೆ ಇನ್ನೊಂದು ಕುದುರೆಯ ಕಾಲನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಕೂತಿದ್ದ. ಹೆಡ್‌ಮೇಡಂ ಸೋಫಾದ ಮೇಲೆ ಕೂತು, ಎಡಗೈಯಲ್ಲಿ ಕೆನ್ನೆಯ ಕೆಳಗಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಬಾಯಿ ಮುಚ್ಚಿತ್ತು. ಬೇಲಿಯಾಚೆ ಸುತ್ತಿಗೆ ಮೊಳೆಯ ಮೇಲೆ ಬಿತ್ತು: ಠಣ್, ಠಣ್.

ಸೋಫಾ ಹೊರಟಿತು.

"ಏ, ನಿಲ್ಲೇ!" ಎಂದು ಕಂಡಕ್ಟರಮ್ಮ ಗಾಬರಿಯಲ್ಲಿ ಒಂದು ಬಡಿದರು. ನಿಂತಿತು. ನಾವು ನಕ್ಕೆವು. ಪಾಪ, ಸೋಫಾಗೂ ಬೇಜಾರಾಗಿರಬೇಕು ಎಂದುಕೊಂಡೆವು. ಆಚೆಯಿಂದ ಮತ್ತೆ ಠಣ್, ಠಣ್. ಸೋಫಾ ಮತ್ತೆ ಹೊರಟಿತು. ಮತ್ತೆ ಒಂದು ಬಡಿತ, ಮತ್ತೆ ನಿಲುಗಡೆ. ಈ ಸಲ ಯಾರೂ ನಗಲಿಲ್ಲ. ಕುದುರೆಯ ಮೇಲಿನಿಂದ ಹೆಡ್‌ಮೇಡಂ ಎಡಗೈ ಎತ್ತಿದ್ದರು. ತರಗತಿ ನಿಶ್ಶಬ್ದವಾಯಿತು.

ಅವರು ಮೊದಲು ಬೇಲಿಯಾಚೆ ನೋಡಿದರು. ಆಮೇಲೆ ಸೋಫಾದ ಭುಜ ನೋಡಿದರು. ಒಂದೇ ಕಡೆ ಅಂಗೈ ಬಿದ್ದು ಬಿದ್ದು ಅಲ್ಲಿನ ಕೂದಲು ಬೂಟಿನ ಹಾಗೆ ಮಿರುಗುತ್ತಿತ್ತು. ಆಮೇಲೆ ಆ ಮಿರುಗಿನ ಮೇಲಿಂದ ಮೆಲ್ಲಗೆ ಜಾರಿ ಸೀರೆಯ ಸೆರಗಿನೊಳಗೆ ಅಡಗುತ್ತಿದ್ದ ತಂಗಿಯ ಬಲಗೈ ನೋಡಿದರು. ತುಟಿ ಬಿಗಿಯಾಗಿ ಮುಚ್ಚಿಕೊಂಡು, ಮುಂದೆ ಬಾಗಿ, ತಮ್ಮ ಎಡಗೈಯಿಂದ ಸೋಫಾದ ಕುತ್ತಿಗೆಗೆ ಎರಡು ಬಡಿದರು.

ಸೋಫಾ ಹೊರಟಿತು. ಒಂದು ಬಡಿದರು. ನಿಂತಿತು. ಪರೀಕ್ಷೆ ಮುಗಿಯಿತು.

"ಅಕ್ಕ," ಎಂದರು ಕಂಡಕ್ಟರಮ್ಮ.

"ಮೋ..." ಎಂದರು ಹೆಡ್‌ಮೇಡಂ. ನನ್ನ ಅಂಗೈಯ ಕೆಳಗೆ ತೊಡೆ ಅದುರುವುದು ಗೊತ್ತಾಗುತ್ತಿತ್ತು. "ಮೋ...ಸ...ಗಾ...ತಿ."

"ಅಯ್ಯೋ, ನಾಲ್ಕಕ್ಷರ!" ಡಾಕ್ಟರಮ್ಮ ಕುರ್ಚಿಯಿಂದ ಹಾರಿದಳು. "ಮೇಡಂ, ನಾಲ್ಕಕ್ಷರ ಒಟ್ಟಿಗೆ! ಎಷ್ಟು ಚೆನ್ನಾಗಿ ಬಂತು! ಇನ್ನೊಂದ್ಸಲ ಹೇಳಿ ಮೇಡಂ, ಪ್ಲೀಸ್!"

ಹೆಡ್‌ಮೇಡಂ ಇನ್ನೊಂದು ಸಲ ಹೇಳಿದರು. ಎರಡನೆಯ ಸಲ ಒಡಕೇ ಇರಲಿಲ್ಲ. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಕನ್ನಡಕವಿಲ್ಲದ ಬ್ಯಾಂಕಿನವರು ಏನೆಂದು ಕೇಳಿಸಿಕೊಳ್ಳದೆಯೇ "ಭೇಷ್!" ಎಂದರು. ಆ ಚಪ್ಪಾಳೆಯ ಮಧ್ಯೆ ಕಂಡಕ್ಟರಮ್ಮ ಹಗ್ಗ ಹಿಡಿದು ನಿಂತಿದ್ದರು. ಬಿರುದು ಪಡೆದವರ ಮುಖ ಅಷ್ಟು ಬೆಳ್ಳಗಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೆಡ್‌ಮೇಡಂ ಅಲ್ಲಿಗೇ ಬಿಡಲಿಲ್ಲ. ಕದ್ದವಳು ಸಿಕ್ಕಳು, ಕಂಡವರು ಯಾರು? ಅವರ ಕಣ್ಣು ನಮ್ಮ ಮುಖಗಳ ಮೇಲೆ ಒಂದೊಂದಾಗಿ ನಡೆಯಿತು. ನನ್ನ ಮುಖದಲ್ಲಿ ಬೆಪ್ಪುತನ ಮಾತ್ರ ಇತ್ತು, ದೇವರು ದೊಡ್ಡವನು. ಕಣ್ಣು ಜಾಕಿಯ ಮೇಲೆ ನಿಂತಿತು. ಜಾಕಿ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಅದು?" ಎಂದರು ಹೆಡ್‌ಮೇಡಂ.

"ಕಿವಿ ಮೇಡಂ," ಎಂದರು ಜಾಕಿ, ಬೂಟಿಗೇ ಹೇಳುವ ಹಾಗೆ. "ಸವಾರರ ಮಾತು ಕೇಳೋ ಕುದುರೆ ಕಿವಿ ಹಿಂದಕ್ಕೆ ತಿರುಗಿಸುತ್ತೆ. ಇದು ಒಂದು ದಿನಾನೂ ತಿರುಗಿಸಲಿಲ್ಲ. ಕಿವಿ ಯಾವಾಗ್ಲೂ ನಿಮ್ಮ ತಂಗಿ ಕಡೆಗೇ ಇರ್ತಿತ್ತು. ಆದ್ರೆ ನೀವು ನೆಟ್ಟಗೆ ಕೂರೋಕೆ ಶುರು ಮಾಡಿದ್ರಿ, ಮಾತೂ ಬಂತು... ಹೇಗೆ ಹೇಳಲಿ?"

ಹೆಡ್‌ಮೇಡಂ ಇಳಿದರು. ಕೋಲೂರಿ, ಇಳಿಜಾರಿಳಿದು, ಯಾರ ಕೈಯನ್ನೂ ಮುಟ್ಟದೆ ಗೇಟಿನ ಕಡೆ ನಡೆದರು. ಬೇಲಿಯಾಚೆ ಲಾಳದವನು ಮಾತ್ರ ತನ್ನ ಪಾಡಿಗೆ ಠಣ್ ಠಣ್ ಎನ್ನುತ್ತಿದ್ದ. ಹಿಡಿಯುವವರಿಲ್ಲದ ಸೋಫಾ ಪ್ರತಿ ಜೋಡಿಗೂ ನಿಷ್ಠೆಯಿಂದ ಮುಂದೆ ಮುಂದೆ ಹೋಗುತ್ತಿತ್ತು.

"ಉಂಡ ಮನೆಗೆ ಎರಡು ಬಗೆದೆಯಲ್ಲೇ!" ಎಂದು ಕಂಡಕ್ಟರಮ್ಮ ಅದಕ್ಕೆ ಬೈದರು. "ನನ್ನ ಕೈಯಿಂದ ಎಷ್ಟು ಕ್ಯಾರೆಟ್ ತಿಂದಿದ್ದೀಯ, ಎಷ್ಟು! ಬೇಲಿಯಾಚೆ ಯಾವನೋ ಬಡಿದ್ರೆ ಅವನ ಹಿಂದೆ ಹೊರಟೆಯಲ್ಲ!"

ಮನೆಯಲ್ಲಿ ಮಾತು ಬಾರದವರು ಮಾತು ಬಿಟ್ಟರು. ಇಲ್ಲದ ಮಾತನ್ನು ಬಿಟ್ಟದ್ದು ಗೊತ್ತಾಗುವುದು ಹೇಗೆ ಎಂದು ಕೇಳಬೇಡಿ, ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ತಂಗಿ ಕೋಣೆಗೆ ಬಂದರೆ ಆ ಬೆನ್ನು ತಿರುಗುತ್ತಿತ್ತು. ಅಡಿಗೆಮನೆಯಿಂದ ತಂಗಿ ದಿನವೂ ವಾದ ಮಂಡಿಸುತ್ತಿದ್ದರು. "ನನಗೋಸ್ಕರ ಮಾಡಿದ್ನಾ ಅಕ್ಕ? ನಿನಗೋಸ್ಕರ ಅಲ್ವಾ? ಕೈ ಅಭ್ಯಾಸ, ತಾನಾಗೇ ಬಡೀತು! ಮೊದಲ್ನೇ ಸಲ ನಂಗೂ ಗೊತ್ತಿರಲಿಲ್ಲ, ಆಣೆ!"

ಬೆನ್ನು ಕೇಳಿಸಿಕೊಂಡಿತು. ಮೊದಲನೆಯ ಸಲದ ಬಗ್ಗೆ ಅದಕ್ಕೆ ತಕರಾರಿರಲಿಲ್ಲ. ಆಮೇಲಿನ ಸಲಗಳ ಬಗ್ಗೆ ಅದು ಕಾಯುತ್ತಿತ್ತು. ಅಡಿಗೆಮನೆಯಲ್ಲಿ ತಂಗಿ ಪಾತ್ರೆ ತಿಕ್ಕತೊಡಗಿದರು.

ಡ್ರೈವರ್ ಸಂಧಾನಕ್ಕೆ ಹೋದರು. ಬಾಗಿಲಲ್ಲಿ ನಿಂತು, "ಅತ್ತಿಗೆ, ಬೇಜಾರು ಮಾಡ್ಕೋಬೇಡಿ," ಎಂದರು. "ನಂಗೂ ಹೀಗೇ ಆಗಿದ್ದು. ಇಷ್ಟು ವರ್ಷ ಬಸ್ಸು ನಾನೇ ಓಡಿಸ್ತಿದ್ದೀನಿ ಅಂದ್ಕೊಂಡಿದ್ದೆ."

ಬೆನ್ನು ಒಂದು ಸಲ ಅಲುಗಿತು. ನಕ್ಕಿತೋ ಅತ್ತಿತೋ ಅವರಿಗೆ ತಿಳಿಯಲಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಬಚ್ಚಲ ಕನ್ನಡಿಯ ಮೇಲೆ ಒಂದು ಬೆಳಗ್ಗೆ ಟವೆಲ್ ಬಿದ್ದಿತ್ತು. ತಂಗಿ ತೆಗೆದರು, ಮರುದಿನ ಮತ್ತೆ ಬಿದ್ದಿತ್ತು. ಫ್ಯಾನು ನಿಂತೇ ಇತ್ತು, ಕಾಫಿ ತನಗೆ ತೋಚಿದಾಗ ಕುದಿಯುತ್ತಿತ್ತು, ಡ್ರೈವರ್ ಪೇಪರಿನ ಕೊನೆಯ ಪುಟದ ಟೆಂಡರ್ ಪ್ರಕಟಣೆಗಳನ್ನೂ ಓದಿ ಮುಗಿಸುತ್ತಿದ್ದರು. 'ನಡಿ' ಆ ಮನೆ ಬಿಟ್ಟು ಹೋಗಿತ್ತು. ನೀರಿಗೆ ಮತ್ತೆ 'ಅದು' ಬಂದಿತ್ತು, ಅದೂ ಮೊದಲಿನ ಗತ್ತಿಲ್ಲದೆ. ಯಾವ ಮಾತಿಗೆ ಲೋಕ ನಿಜವಾಗಿ ತಿರುಗಿತ್ತು, ಯಾವುದಕ್ಕೆ ಮರೆಯಲ್ಲಿ ಯಾರೋ ಬಡಿದಿದ್ದರು? ಒಮ್ಮೆ ಹೀಗೆ ಅನುಮಾನ ಬಂದವರಿಗೆ ಒಂದು ಲೋಟ ನೀರು ಕೇಳುವುದೂ ಕಷ್ಟ. ಕಂಡಕ್ಟರಮ್ಮ ನನ್ನ ಹತ್ತಿರ ಬಂದು ಅತ್ತದ್ದು ಆಗಲೇ. "ಬಸ್ಸು ಕೆಟ್ಟು ನಿಂತ್ರೆ ಇಳಿದು ನೂಕಬಹುದಿತ್ತು. ಇದನ್ನ ಎಲ್ಲಿಂದ ನೂಕಲಿ?"

ಬಹಳ ದಿನ ಹೀಗೇ ಹೋಯಿತು. ಆಮೇಲೆ ಒಂದು ಬೆಳಗ್ಗೆ ಮುಂದಿನ ಕೋಣೆಯಿಂದ ಕೂಗು ಬಂತು. "ಮೋಸಗಾತಿ!"

ಕಂಡಕ್ಟರಮ್ಮ ಕೈಯಲ್ಲಿದ್ದ ಸೌಟು ಬಿಟ್ಟು ಓಡಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕೋಲು. ತಲೆಯ ಮೇಲೆ ಶಿರಸ್ತ್ರಾಣ, ಹಿಂದುಮುಂದಾಗಿ.

ಅಂಗಳದಲ್ಲಿ ಆ ದಿನ ಕಟ್ಟಳೆ ಬರೆದವರು ಹೆಡ್‌ಮೇಡಂ, ಅದೂ ಸೋಫಾದ ಮೇಲೆ ಕೂತು, ಒಂದು ಕೋಲಿನಿಂದ. ಲಾಳದವನಿಗೆ ಕೋಲು ತೋರಿಸಿದರು; ಅವನು ಸುತ್ತಿಗೆ ಕೆಳಗಿಟ್ಟ. ಹಗ್ಗ ಜಾಕಿಗೆ ಕೊಡಿಸಿದರು. ತಂಗಿಗೆ ಅಂಗಳದ ನಡುವೆ, ತಮ್ಮ ಕಣ್ಣಿಗೆ ನೇರ ಕಾಣುವ ಒಂದು ಜಾಗ ತೋರಿಸಿದರು. ಆಮೇಲೆ ಕೋಲು ಮೇಲಕ್ಕೆ ಹೋಯಿತು.

"ಏನಕ್ಕ?"

ಕೋಲು ಮತ್ತೆ ಮೇಲಕ್ಕೆ ಹೋಯಿತು. ಶಾಲೆಯಲ್ಲಿ ಓದಿದ ಯಾರಿಗೂ ಅದರ ಅರ್ಥ ಹೇಳಿಕೊಡಬೇಕಿಲ್ಲ. ಊರಿನ ಬಸ್ಸುಗಳನ್ನೆಲ್ಲ ನಿಲ್ಲಿಸಿ ಹೊರಡಿಸಿದ್ದ ಕಂಡಕ್ಟರಮ್ಮ, ಈ ಇಳಿವಯಸ್ಸಿನಲ್ಲಿ, ಲದ್ದಿಯ ಬುಟ್ಟಿ ಹಿಡಿದು ನಿಂತ ಸಮಸ್ತ ಸ್ವಯಂಸೇವಕರ ಎದುರು, ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತರು.

"ನಡಿ," ಎಂದರು ಹೆಡ್‌ಮೇಡಂ.

ಸೋಫಾ ನಿಂತಿತ್ತು.

"ನಡಿ."

ಸೋಫಾ ಬಾಲದಿಂದ ಒಂದು ನೊಣ ಹೊಡೆಯಿತು. ಅಷ್ಟೇ. ಹೆಡ್‌ಮೇಡಂ ಅರ್ಧ ಗಂಟೆ ಕೂತರು, ಇಳಿದರು, ಹೋದರು. ಮುಂದಿನ ವಾರ ಬಂದರು. ಅದರ ಮುಂದಿನ ವಾರವೂ ಬಂದರು. ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಲು ಸೈನ್ಯಗಳೇ ಬೇಕಾಗುತ್ತಿದ್ದವಂತೆ. ನಮ್ಮ ಕುದುರೆಯನ್ನು ಕದಲಿಸಲು ಯಾವ ಸೈನ್ಯಕ್ಕೂ ಆಗುವಂತಿರಲಿಲ್ಲ. ಕಂಡಕ್ಟರಮ್ಮನ ತೋಳು ಸೋತು ಇಳಿಯತೊಡಗಿದರೆ ಕೋಲು ಮೇಲೇಳುತ್ತಿತ್ತು. ತೋಳೂ ಏಳುತ್ತಿತ್ತು. "ಸಾಕು ಬಿಡಿ, ಕೈ ಇಳಿಸಿ, ನಾನು ಹೇಳ್ತೀನಿ ಅವರಿಗೆ," ಎಂದೆ ಒಮ್ಮೆ. "ನೀವು ಸುಮ್ನಿರಿ," ಎಂದರು. "ಎಲ್ಲಿಟ್ಟಿದ್ದೀನಿ ಅಂತ ನಂಗೇ ನಂಬಿಕೆ ಇಲ್ಲ ಈ ಕೈನ."

ಒಂದು ದಿನ ಅದಾಯಿತು. ಹೆಡ್‌ಮೇಡಂ "ನಡಿ" ಎಂದರು. ಸೋಫಾದ ಎಡಕಿವಿ ಗಿರಕ್ಕನೆ ಹಿಂದಕ್ಕೆ, ನೇರ ಅವರ ಕಡೆಗೆ, ತಿರುಗಿತು.

"ಕೇಳಿಸ್ತು!" ಜಾಕಿ ಕೂಗಿದರು. "ನೋಡಿದ್ರಾ ಮೇಡಂ? ಕಿವಿ! ಕೇಳಿಸ್ಕೊಂಡಳು ನಿಮ್ಮನ್ನ!"

ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಲು ಕೈ ಎತ್ತಿ, ಬಲಗಾಲಿನ ನೆನಪಾಗಿ ಬಿಟ್ಟೆ. ಹೆಡ್‌ಮೇಡಂ ಜಾಕಿಯ ಮುಖ ನೋಡಲಿಲ್ಲ, ಡಾಕ್ಟರಮ್ಮನ ಮುಖವನ್ನೂ ನೋಡಲಿಲ್ಲ. ಅವುಗಳಲ್ಲಿ ಏನು ಬರೆದಿರುತ್ತದೆಂದು ಅವರಿಗೆ ಗೊತ್ತಿತ್ತು. ಅವರು ನೋಡಿದ್ದು ಅಂಗಳದ ನಡುವೆ ತಲೆಯ ಮೇಲೆ ಕೈ ಹೊತ್ತು ನಿಂತವರ ಮುಖ. ಅಕ್ಕನ ಕಣ್ಣಲ್ಲಿ ಇಂಥ ಆಸೆಯನ್ನು ನಾನು ನೋಡಿರಲಿಲ್ಲ. ಹೂಂ ಎಂದುಬಿಡು ಎಂದು ಬೇಡುವ ಕಣ್ಣು. ಒಂದು ಹೂಂ ಅಂದರೆ ಸಾಕಿತ್ತು: ಕೈ ಇಳಿಯುತ್ತಿತ್ತು, ಟವೆಲ್ ಕಳಚುತ್ತಿತ್ತು, ಎಣ್ಣೆ ತಿಕ್ಕುವಾಗ ಅಕ್ಕನ ಕೈ ಮತ್ತೆ ತಲೆ ಸವರುತ್ತಿತ್ತು.

ಕಂಡಕ್ಟರಮ್ಮ ಸೋಫಾದ ಕಿವಿಯ ಕಡೆ ಕಣ್ಣಲ್ಲೇ ತೋರಿಸಿದರು.

"ನೊಣ, ಅಕ್ಕ," ಎಂದರು. "ಕಿವಿ ಮೇಲೆ ನೊಣ ಕೂತಿತ್ತು."

ಚಪ್ಪಾಳೆ ನಿಂತಿತು. ಅದೇ ಹೊತ್ತಿಗೆ ಆ ನೊಣ ಎದ್ದು, ಒಂದು ಸುತ್ತು ಹಾರಿ, ಮತ್ತೆ ಅಲ್ಲೇ ಬಂದು ಕೂತಿತು; ಎಡಕಿವಿ ಮತ್ತೆ ಗಿರಕ್ಕೆಂದಿತು. ಹೆಡ್‌ಮೇಡಂ ಮುಖದಲ್ಲಿ ಏನೋ ಮುರಿದು ಬಿತ್ತು. ಬಹಳ ಹೊತ್ತು ಸೋಫಾದ ಜೂಲನ್ನೇ ನೋಡುತ್ತ ಕೂತರು. ಇಳಿಸಿ ಎನ್ನುತ್ತಾರೆ ಎಂದು ನಾನು ಅವರ ಸೊಂಟಕ್ಕೆ ಕಟ್ಟಿದ್ದ ಬೆಲ್ಟಿನ ಹಿಡಿಗೆ ಕೈ ಹಾಕಿದೆ.

"ಮೋಸಗಾತಿ," ಎಂದರು. ಬೈಗುಳದ ಹಾಗಿರಲಿಲ್ಲ, ಆ ಮನೆಯಲ್ಲಿ ಈಗ ಅದೊಂದು ಹೆಸರು. ಕೋಲನ್ನು ಜಾಕಿಯ ಕೈಯಲ್ಲಿದ್ದ ಹಗ್ಗದ ಕಡೆ ತೋರಿಸಿ, ಅಲ್ಲಿಂದ ತಂಗಿಯ ಕಡೆಗೆ ತಿರುಗಿಸಿದರು.

ಜಾಕಿ ಹಗ್ಗ ಕೊಟ್ಟರು. ಕಂಡಕ್ಟರಮ್ಮ ಎಡಗೈ ತಲೆಯಿಂದ ಇಳಿಸಿ ಹಗ್ಗ ಹಿಡಿದುಕೊಂಡರು. ಬಲಗೈಯನ್ನೂ ಇಳಿಸಹೊರಟಾಗ ಕೋಲು ಮೇಲೆದ್ದಿತು. ಬಲಗೈ ತಲೆಯ ಮೇಲೆಯೇ ಉಳಿಯಿತು.

"ನಡಿ," ಎಂದರು ಹೆಡ್‌ಮೇಡಂ.

ಸೋ‍ಫಾ ಕದಲಲಿಲ್ಲ. ಬಿಸಿಲು ಹತ್ತುಗಟ್ಟೆಯಿಂದ ಮರಳಿಗೆ ಇಳಿಯಿತು. ಎಲ್ಲರೂ ಹತ್ತಿದ್ದಾರೆ, ಬಾಗಿಲು ಮುಚ್ಚಿದೆ, ಬಸ್ಸು ನಿಂತಿದೆ. ತಲೆಯ ಮೇಲಿನ ಬಲಗೈಯ ಬೆರಳುಗಳು ಒಮ್ಮೆ ಮಿಡುಕಿದವು. ಕಂಡಕ್ಟರಮ್ಮ ಅವನ್ನು ತಮ್ಮ ತುರುಬಿನೊಳಗೇ ಬಿಗಿಯಾಗಿ ಸಿಕ್ಕಿಸಿಕೊಂಡು, ಅಕ್ಕನ ಬಾಯನ್ನೇ ನೋಡುತ್ತ, ಕಾದರು.